ನನ್ನ ಪರವಾಗಿ ಡಾಕ್ಟರ್ ಹತ್ತಿರ ಯಾರು ಮಾತಾಡಬೇಕು?

ಪ್ರಶ್ನೆ: ನನಗೆ 66 ವರ್ಷ. ಹೈಸ್ಕೂಲ್ ಟೀಚರ್ ಆಗಿ ನಿವೃತ್ತಳಾಗಿ ಸಾಗರದಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಿಲ್ಲ. ಬಿಪಿ, ಶುಗರ್ ಇದೆ. ಹೋದ ವರ್ಷ ಸಣ್ಣದಾಗಿ ಸ್ಟ್ರೋಕ್ ಆಗಿ ಚೇತರಿಸಿಕೊಂಡೆ. ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಜಮೀನಿನ ವಿಷಯಕ್ಕೆ ಮಾತು ಬಿಟ್ಟು 11 ವರ್ಷ ಆಯಿತು. ಮೈಸೂರಿನಲ್ಲಿರುವ ತಂಗಿಯ ಮಗಳು ದಿನಾ ಫೋನ್ ಮಾಡುತ್ತಾಳೆ. ನನಗೆ ಪ್ರಜ್ಞೆ ತಪ್ಪಿದರೆ ಚಿಕಿತ್ಸೆಯ ನಿರ್ಧಾರ ಅವಳದ್ದಾಗಬೇಕು, ತಮ್ಮನದ್ದಲ್ಲ. ಇದನ್ನು ಬರೆದಿಡಬಹುದಾ? ಪರಿಚಯದ ವಕೀಲರು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿಸಿಬಿಡಿ ಅಂದರು. ಅಷ್ಟು ಸಾಕಾ? ವೆಂಟಿಲೇಟರ್ ಬೇಡ ಅಂತ ಬರೆದುಕೊಟ್ಟರೆ ಡಾಕ್ಟರು ನನ್ನನ್ನು ಕೈಬಿಟ್ಟುಬಿಡುತ್ತಾರಾ ಅನ್ನುವ ಭಯವೂ ಇದೆ.

ಉತ್ತರ: ಬರೆದಿಡಬಹುದು. ಜಿಪಿಎ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಭಯಕ್ಕೂ ಉತ್ತರ ಇದೆ, ಅದಕ್ಕೆ ಮುಂದೆ ಬರುತ್ತೇನೆ. ನಾನು ವಕೀಲಳಲ್ಲ. ಬಹಳ ವರ್ಷ ಐಸಿಯುನಲ್ಲಿ ಕೆಲಸ ಮಾಡಿ ಈಗ ಉಪಶಮನ ಚಿಕಿತ್ಸೆ, ಅಂದರೆ ರೋಗಿಯ ನೋವು, ಸಂಕಟ ಕಡಿಮೆ ಮಾಡುವ ಚಿಕಿತ್ಸೆ ನೋಡಿಕೊಳ್ಳುವ ವೈದ್ಯೆ. ಇಂಥ ಕಾಗದ ಇದ್ದ ಮನೆಯವರನ್ನೂ ಇಲ್ಲದ ಮನೆಯವರನ್ನೂ ಹತ್ತಿರದಿಂದ ನೋಡಿದ್ದೇನೆ.

ಐಸಿಯು ಬಾಗಿಲ ಹೊರಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ಏನಾಗುತ್ತದೆ ಗೊತ್ತಾ? ಡ್ಯೂಟಿ ಡಾಕ್ಟರ್ ಒಂದು ಫಾರ್ಮ್ ಹಿಡಿದು ಹೊರಗೆ ಬರುತ್ತಾರೆ. "ಪೇಶೆಂಟ್ ಕಡೆಯವರು ಯಾರು?" ಅನ್ನುತ್ತಾರೆ. ಬೆಂಚಿನ ಮೇಲಿದ್ದ ಐದಾರು ಜನ ಎದ್ದು ನಿಲ್ಲುತ್ತಾರೆ. ಅವರಲ್ಲಿ ಜೋರಾಗಿ ಮಾತಾಡುವವರು ಮುಂದೆ ಬರುತ್ತಾರೆ. ಇಲ್ಲವೇ ದುಡ್ಡು ಕಟ್ಟಿದವರು. ಇಲ್ಲವೇ ಗಂಡಸರಲ್ಲಿ ಹಿರಿಯರು. ಆರು ವರ್ಷದಿಂದ ರೋಗಿಯ ಮೈ ಒರೆಸಿ, ಮಾತ್ರೆ ನುಂಗಿಸಿ, ರಾತ್ರಿ ಎದ್ದು ಕೂತವಳು ಗೋಡೆ ಪಕ್ಕ ಫ್ಲಾಸ್ಕ್ ಹಿಡಿದು ನಿಂತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. "ಅಣ್ಣ ಬರಲಿ, ಅಲ್ಲೀವರೆಗೂ ಎಲ್ಲಾ ಮಾಡಿ ಡಾಕ್ಟ್ರೇ" ಅನ್ನುತ್ತಾರೆ. ಅಣ್ಣ ಬರುವಷ್ಟರಲ್ಲಿ ಗಂಟಲಿಗೆ ಪೈಪು ಹೋಗಿರುತ್ತದೆ. ಅದನ್ನು ತೆಗೆಯುವ ಮಾತೆತ್ತಲು ಆಮೇಲೆ ಯಾರಿಗೂ ಬಾಯಿ ಬರುವುದಿಲ್ಲ.

ರಕ್ತಸಂಬಂಧಿ ಸಹಿ ಹಾಕಿದರೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಕಾನೂನಿನಲ್ಲಿ ಹಾಗಿಲ್ಲ. ವಯಸ್ಕ ರೋಗಿಯ ಪರವಾಗಿ ಸಾಮಾನ್ಯ ಚಿಕಿತ್ಸೆಗೆ ಮೊದಲು ಯಾರು, ಆಮೇಲೆ ಯಾರು ಒಪ್ಪಿಗೆ ಕೊಡಬೇಕು ಅಂತ ಪಟ್ಟಿ ಮಾಡಿರುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದ ಒಂದು ಪ್ರಕರಣ ನೋಡಿ. 44 ವರ್ಷದ ಅವಿವಾಹಿತ ಮಹಿಳೆ ಲ್ಯಾಪರೊಸ್ಕೋಪಿ (ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ) ಪರೀಕ್ಷೆಗೆ ಹೋಗಿದ್ದರು. ಅರಿವಳಿಕೆಯಲ್ಲಿದ್ದಾಗ ವೈದ್ಯರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಕೋರ್ಟ್ ಏನು ಹೇಳಿತು? ಪ್ರಾಣಕ್ಕೆ ಕುತ್ತಿರಲಿಲ್ಲ, ಸ್ವಲ್ಪ ಹೊತ್ತಿಗೆ ಎಚ್ಚರವಾಗಲಿದ್ದ ವಯಸ್ಕ ಹೆಣ್ಣುಮಗಳು ಆಕೆ, ಹಾಗಾಗಿ ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ ಎಂದಿತು. ಹೆತ್ತ ತಾಯಿಗೇ ಆ ಅಧಿಕಾರ ಇಲ್ಲ ಅಂದಮೇಲೆ, ಮಾತು ಬಿಟ್ಟ ತಮ್ಮನಿಗೆ ಹುಟ್ಟಿನಿಂದಲೇ ಬಂದುಬಿಡುತ್ತದಾ? ಇಲ್ಲ. ಆದರೆ ಬೇರೆ ಯಾರ ಹೆಸರೂ ಬರೆದಿಡದಿದ್ದರೆ ಆಸ್ಪತ್ರೆಯವರು ಅವರಿಗೇ ಫೋನ್ ಮಾಡುತ್ತಾರೆ. ಕಷ್ಟ ಇರುವುದು ಅಲ್ಲಿ.

ಪ್ರಾಣಾಪಾಯದ ಹೊತ್ತಿನ ಮಾತು ಬೇರೆ. ಅಪಘಾತವೋ ಹಾರ್ಟ್ ಅಟ್ಯಾಕೋ ಆಗಿ ಬಂದವರ ಜೀವ ಉಳಿಸಲು ವೈದ್ಯರು ಯಾರ ಸಹಿಗೂ ಕಾಯಬೇಕಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದ. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಈಗ ಜಿಪಿಎ ವಿಷಯ. ನಿಮ್ಮ ವಕೀಲರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಬ್ಯಾಂಕ್ ಕೆಲಸ, ಬಾಡಿಗೆ ವಸೂಲಿ, ಖಾತೆ ಬದಲಾವಣೆ, ಇಂಥದ್ದಕ್ಕೆ ಜಿಪಿಎ ಸರಿ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ನಿಮಗೆ ಅದು ಬೇಕಾಗುವುದೇ ಆ ಗಳಿಗೆಯಲ್ಲಿ, ಅಲ್ವಾ? ಮಳೆ ಶುರುವಾದ ಕೂಡಲೇ ಮುಚ್ಚಿಕೊಳ್ಳುವ ಕೊಡೆ ಇದ್ದ ಹಾಗೆ. ಇಂಗ್ಲೆಂಡ್, ಅಮೆರಿಕದಲ್ಲಿ ಪ್ರಜ್ಞೆ ಹೋದ ಮೇಲೂ ಉಳಿಯುವ ಪವರ್ ಆಫ್ ಅಟಾರ್ನಿ ಇದೆ. ನಮ್ಮಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ. ಉಯಿಲೂ ಆಗುವುದಿಲ್ಲ, ಅದಕ್ಕೆ ಜೀವ ಬರುವುದೇ ನಿಮ್ಮ ಕಾಲಾನಂತರ. ಬ್ಯಾಂಕಿನ ನಾಮಿನಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ನಡೆಯುವ ಕಾಗದ ಯಾವುದು? ಅದರ ಹಿಂದೆ ನಮ್ಮ ಉತ್ತರ ಕನ್ನಡದ ಒಬ್ಬ ಹೆಣ್ಣುಮಗಳ ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ನಡೆದ ಕ್ರೂರ ಹಲ್ಲೆಯಲ್ಲಿ ಮೆದುಳಿಗೆ ರಕ್ತ ನಿಂತುಹೋಯಿತು. ಅಲ್ಲಿಂದ 2015ರ ಮೇ 18ರವರೆಗೆ, ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರು. ಇವರನ್ನು ಈ ಸ್ಥಿತಿಯಿಂದ ಬಿಡುಗಡೆ ಮಾಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟ್‌ಗೆ ಹೋದರು. ಕೆಇಎಂ ನರ್ಸ್‌ಗಳು ಬೇಡವೇ ಬೇಡ ಅಂದರು. ದಿನಾ ಸ್ನಾನ ಮಾಡಿಸಿ, ಹಿಸುಕಿದ ಅನ್ನ ತಿನ್ನಿಸಿ, ಅಷ್ಟು ವರ್ಷ ಮೈಮೇಲೆ ಹಾಸಿಗೆ ಹುಣ್ಣು ಏಳದ ಹಾಗೆ ನೋಡಿಕೊಂಡವರು ಅವರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟ್, ಅರುಣಾ ಪರವಾಗಿ ಮಾತಾಡುವ ನಿಜವಾದ ಆಪ್ತರು ಆ ಸಿಬ್ಬಂದಿಯೇ ಎಂದು ಹೇಳಿ ಅರ್ಜಿ ತಳ್ಳಿಹಾಕಿತು.

ನಾನು ಆ ತೀರ್ಪನ್ನು ಬಹಳ ಸಲ ಓದಿದ್ದೇನೆ. ಎರಡೂ ಕಡೆಯವರಿಗೆ ಅರುಣಾ ಮೇಲೆ ಕರುಳಿತ್ತು. ಯಾರೂ ಸ್ವಾರ್ಥಕ್ಕೆ ಬಂದವರಲ್ಲ. ಆದರೆ 25 ವರ್ಷದ ಆ ಹುಡುಗಿ ತನಗೇನು ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ. ಆ ವಯಸ್ಸಿನಲ್ಲಿ ಯಾರು ತಾನೇ ಬರೆಯುತ್ತಾರೆ? ಹಾಗಾಗಿ ಕೋರ್ಟ್ ಮುಂದೆ ಎಲ್ಲರ ಮಾತೂ ಇತ್ತು, ಅರುಣಾ ಮಾತೊಂದು ಇರಲಿಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಆ ಜಾಗ ತುಂಬುವ ದಾರಿ ತೋರಿಸಿತು. ಕಾಮನ್ ಕಾಸ್ ಸಂಸ್ಥೆ ಹಾಕಿದ್ದ ಪ್ರಕರಣ ಅದು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಹಾಗಾಗಿ ವಯಸ್ಕರು ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು ಎಂದಿತು. ಜನ ಇದನ್ನು ಲಿವಿಂಗ್ ವಿಲ್ ಅಂತಲೂ ಕರೆಯುತ್ತಾರೆ. ಆದರೆ ಮೊದಲು ಇಟ್ಟ ನಿಯಮ ಬಹಳ ಬಿಗಿ ಇತ್ತು. ಮ್ಯಾಜಿಸ್ಟ್ರೇಟ್ ಮುಂದೆ ಸಹಿ ಆಗಬೇಕಿತ್ತು. ನನಗೆ ಗೊತ್ತಿದ್ದ ಎಷ್ಟೋ ಜನ ಅಷ್ಟಕ್ಕೇ ಕೈಬಿಟ್ಟರು. 2023ರ ಜನವರಿ 24ರಂದು ಕೋರ್ಟ್ ತಾನೇ ಅದನ್ನು ಸಡಿಲ ಮಾಡಿತು. ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತಂದಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಓಡಾಡಿದವರು. ನೀವೂ ಟೀಚರ್ ಆಗಿದ್ದವರು ಅಂತ ಓದಿದಾಗ ಅವರೇ ನೆನಪಾದರು.

ಈ ನಿರ್ದೇಶನದಲ್ಲಿ ಎರಡು ವಿಷಯ ಬರುತ್ತವೆ. ಒಂದು, ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ನಿಮಗೆ ಬೇಡ. ಇನ್ನೊಂದು, ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಯಾರು. ಈ ಎರಡನೆಯದೇ ನೀವು ಕೇಳಿದ್ದು. 2023ರ ಬದಲಾವಣೆಯ ನಂತರ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬೇಕು. ಕೋರ್ಟ್ ಬಳಸಿದ ಮಾತು "ಗಾರ್ಡಿಯನ್ ಅಥವಾ ಹತ್ತಿರದ ಸಂಬಂಧಿ". ನಮ್ಮ ರಾಜ್ಯದ ಸುತ್ತೋಲೆ ಕನಿಷ್ಠ ಇಬ್ಬರನ್ನು ಹೆಸರಿಸಿ ಎನ್ನುತ್ತದೆ. ನಿಮ್ಮ ತಂಗಿಯ ಮಗಳು ಸಂಬಂಧಿಯೇ, ಅವಳ ಬಗ್ಗೆ ಅನುಮಾನ ಬೇಡ.

ಎರಡನೆಯ ಹೆಸರು ಸಾಗರದಲ್ಲೇ ಇರುವವರದ್ದಾಗಲಿ. ಮೈಸೂರಿನಿಂದ ಅವಳು ರಾತ್ರಿ ತಾಳಗುಪ್ಪ ರೈಲು ಹತ್ತಿದರೂ ನಿಮ್ಮೂರು ಮುಟ್ಟುವಾಗ ಬೆಳಗಾಗುತ್ತದೆ. ಅಷ್ಟರಲ್ಲಿ ನಿಮ್ಮನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಸಾಗಿಸಿರಬಹುದು. ಅಂಬುಲೆನ್ಸ್ ಹತ್ತುವ ಹೊತ್ತಿಗೆ ಪಕ್ಕದಲ್ಲಿ ಇರುವವರು ಯಾರು? ಜೊತೆಗೆ ಪಾಠ ಮಾಡಿದ ಗೆಳತಿ ಇರಬಹುದು, ಪಕ್ಕದ ಮನೆಯವರಿರಬಹುದು. ಅವರನ್ನು "ಗಾರ್ಡಿಯನ್" ಅಂತ ಸ್ಪಷ್ಟವಾಗಿ ಬರೆಯಿರಿ. ಇಬ್ಬರಲ್ಲಿ ಕೊನೆಯ ಮಾತು ಯಾರದ್ದು ಅನ್ನುವುದನ್ನೂ ಬರೆಯಿರಿ. ಇಲ್ಲದಿದ್ದರೆ ಇಬ್ಬರು ಒಳ್ಳೆಯವರ ನಡುವೆ ನಾವೇ ಜಗಳ ತಂದಿಟ್ಟ ಹಾಗಾಗುತ್ತದೆ.

ಯಾರನ್ನು ಆರಿಸಬೇಕು ಅನ್ನುವುದಕ್ಕೆ ನನ್ನ ಅಮ್ಮನ ವಿಷಯ ಹೇಳುತ್ತೇನೆ. ನಾನು ಈ ಮಾತೆತ್ತಿದಾಗ ಅಮ್ಮ ಮೊದಲ ಸಲ "ಬಿಡ್ತು ಅನ್ನು" ಅಂದರು. ಎರಡನೆಯ ಸಲ ಎದ್ದು ದೇವರ ಮನೆಗೆ ಹೋಗಿ ದೀಪ ಸರಿಮಾಡತೊಡಗಿದರು. ಮೂರನೆಯ ಸಲ ನಾನು ನನ್ನ ಬಗ್ಗೆಯೇ ಶುರು ಮಾಡಿದೆ. "ಅಮ್ಮಾ, ನನಗೇನಾದರೂ ಆದರೆ ಇವರಿಗೆ ಹೇಳಿಟ್ಟಿದ್ದೀನಿ, ಹೀಗೀಗೆ ಮಾಡಿ ಅಂತ" ಅಂದೆ. ಅಮ್ಮ ಮೊರದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಒಂದು ಕಟ್ಟು ಮುಗಿಸಿದರು. ಆಮೇಲೆ ಹೇಳಿದರು: "ನನ್ನ ಮೂಗಿಗೆ ಪೈಪು ಹಾಕಬೇಡಿ. ಬಾಯಲ್ಲಿ ಗಂಜಿ ಇಳಿದಷ್ಟು ದಿನ ಸಾಕು. ಆದರೆ ನೋವಿಗೆ ಮಾತ್ರ ಔಷಧಿ ಕೊಡಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು: "ನಿನ್ನ ಅಣ್ಣನ್ನ ಕೇಳಬೇಡಿ, ಅವನು ಅಳ್ತಾನೆ. ನೀನೂ ಬೇಡ, ನೀನು ಆ ಹೊತ್ತಿಗೆ ಡಾಕ್ಟರ್ ಆಗಿಬಿಡ್ತೀಯ. ಸೊಸೆ ಹೇಳಲಿ."

ನನಗೆ ಆ ಕ್ಷಣ ಬೇಜಾರಾಯಿತು. ಆದರೆ ಅಮ್ಮ ಹೇಳಿದ್ದು ಸರಿ ಇತ್ತು. ಅತ್ತಿಗೆ ಹದಿನೆಂಟು ವರ್ಷ ಅಮ್ಮನ ಜೊತೆ ಅದೇ ಅಡುಗೆಮನೆಯಲ್ಲಿದ್ದವರು. ಅಮ್ಮನಿಗೆ ಯಾವುದು ಸಹಿಸಲು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರು. ಹತ್ತು ಜನ ಎದುರು ನಿಂತರೂ ಅಮ್ಮ ಹೇಳಿದ್ದನ್ನೇ ಹೇಳುವ ಗಟ್ಟಿತನ ಅವರಿಗಿತ್ತು. ನೀವೂ ಹೀಗೆ ಯೋಚಿಸಿ. ನಿಮ್ಮ ತಂಗಿಯ ಮಗಳಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಸಂತೋಷ. ಡಾಕ್ಟರ್ ಮಾತು ಅರ್ಥವಾಗದಿದ್ದರೆ "ಇನ್ನೊಂದು ಸಲ ಹೇಳಿ" ಅನ್ನುವ ಧೈರ್ಯ ಅವಳಿಗೆ ಇದೆಯಾ? ನಿಮ್ಮ ತಮ್ಮ ಬಂದು ಜೋರು ಮಾಡಿದರೆ ನಿಲ್ಲುತ್ತಾಳಾ? ತನಗೆ ಇಷ್ಟವಿಲ್ಲದಿದ್ದರೂ ನಿಮ್ಮ ಇಷ್ಟದ ಮಾತನ್ನೇ ಹೇಳುತ್ತಾಳಾ? ಅವಳನ್ನೇ ಕೇಳಿ. ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ಆಗುವ ಕೆಲಸವಲ್ಲ ಅದು.

ಈಗ ವೆಂಟಿಲೇಟರ್ ಮಾತು. ಸುಮ್ನೆ "ವೆಂಟಿಲೇಟರ್ ಬೇಡ" ಅಂತ ಒಂದೇ ಸಾಲು ಬರೆಯಬೇಡಿ. ನಾಗರಹಾವು ಕಚ್ಚಿ ಉಸಿರಾಟದ ಸ್ನಾಯು ಸೋತು ಬಂದವರು ಕೆಲವೇ ದಿನ ವೆಂಟಿಲೇಟರ್ ಮೇಲಿದ್ದು, ಔಷಧಿ ಕೆಲಸ ಮಾಡಿದ ಮೇಲೆ ನಡೆದುಕೊಂಡು ಮನೆಗೆ ಹೋಗಿದ್ದನ್ನು ನೋಡಿದ್ದೇನೆ. ಮಲೆನಾಡಿನಲ್ಲಿ ಇರುವ ನಿಮಗೆ ಇದು ದೂರದ ಮಾತಲ್ಲ. ನ್ಯುಮೋನಿಯಾದಲ್ಲೂ ಎಷ್ಟೋ ಸಲ ಹಾಗೆಯೇ. ಅದೇ ಯಂತ್ರ, ದೊಡ್ಡ ಸ್ಟ್ರೋಕ್ ಆಗಿ ಮೆದುಳು ಮತ್ತೆ ಏಳದ ಸ್ಥಿತಿ ಮುಟ್ಟಿದವರಿಗೆ ಸಾವನ್ನು ಉದ್ದ ಮಾಡುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಹಾಗಾಗಿ ಯಂತ್ರದ ಹೆಸರಿಗಿಂತ ಸ್ಥಿತಿಯನ್ನು ಬರೆಯುವುದು ಮುಖ್ಯ. ನಾನಾದರೆ ಹೀಗೆ ಬರೆಯುತ್ತೇನೆ:

"ನನ್ನ ಕಾಯಿಲೆ ಗುಣವಾಗುವ ಭರವಸೆ ಇದ್ದರೆ ವೆಂಟಿಲೇಟರ್ ಸೇರಿ ಬೇಕಾದ ಎಲ್ಲ ಚಿಕಿತ್ಸೆ ಕೊಡಿ. ಕೆಲವು ದಿನ ಪ್ರಯತ್ನಿಸಿಯೂ ಪ್ರಯೋಜನವಿಲ್ಲ, ನಾನು ಮತ್ತೆ ನನ್ನವರನ್ನು ಗುರುತಿಸುವ ಹಾಗಾಗುವುದಿಲ್ಲ ಎಂದು ವೈದ್ಯಕೀಯ ಮಂಡಳಿಗಳು ಹೇಳಿದರೆ, ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ನಡೆಸುವುದು, ಇವು ಬೇಡ. ಹಾಕಿದ್ದರೆ ತೆಗೆಯಿರಿ. ನೋವು, ಏದುಸಿರು, ಗಾಬರಿಗೆ ಔಷಧಿಯನ್ನು ಕೊನೆಯವರೆಗೂ ಕೊಡಿ. ಸಾಧ್ಯವಾದರೆ ನನ್ನನ್ನು ಮನೆಗೆ ಕರೆತನ್ನಿ. ನನಗೆ ಪ್ರಜ್ಞೆ ಇಲ್ಲದಾಗ ನನ್ನ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಮೊದಲು ನನ್ನ ತಂಗಿಯ ಮಗಳಿಗೆ, ಅವಳು ಸಿಗದಿದ್ದರೆ ನನ್ನ ಗಾರ್ಡಿಯನ್ ಆದ ಗೆಳತಿಗೆ. ಈ ನಿರ್ದೇಶನವನ್ನು ನಾನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು."

ಹೆಸರು, ವಿಳಾಸ, ಫೋನ್ ನಂಬರ್ ಪೂರ್ತಿ ಹಾಕಿ. ಹಿಂದಕ್ಕೆ ಪಡೆಯಬಹುದು ಅನ್ನುವ ಸಾಲು ಇರಲೇಬೇಕು, ಬಿಡಬೇಡಿ. ಕಾಗದ ಗೊಂದಲವಾಗಿದ್ದರೆ ವೈದ್ಯಕೀಯ ಮಂಡಳಿಯವರು (ಇವರು ಯಾರು ಅಂತ ಮುಂದೆ ಹೇಳುತ್ತೇನೆ) ಅದನ್ನು ಪಕ್ಕಕ್ಕಿಡಬಹುದು. ಅದಕ್ಕೇ ನಿಮ್ಮ ಫ್ಯಾಮಿಲಿ ಡಾಕ್ಟರ್ ಜೊತೆ ಕೂತು ಒಮ್ಮೆ ಓದಿಸಿ.

ಸಹಿ ಹಾಕುವಾಗ ಇಬ್ಬರು ಸಾಕ್ಷಿಗಳು ಎದುರಿಗಿರಬೇಕು. ನಿಮ್ಮಿಂದ ಏನೂ ಬರಬೇಕಾಗಿಲ್ಲದ ಹೊರಗಿನವರಾದರೆ ಒಳ್ಳೆಯದು. ತಂಗಿಯ ಮಗಳನ್ನೇ ಸಾಕ್ಷಿ ಮಾಡಬೇಡಿ. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಸರ್ಕಾರಿ ಆಸ್ಪತ್ರೆಯ ವೈದ್ಯರು, ತಹಶೀಲ್ದಾರರು ಇಂಥವರು ಗೆಜೆಟೆಡ್ ಅಧಿಕಾರಿಗಳೇ. ಸ್ಟಾಂಪ್ ಪೇಪರ್ ಆಗಲೇಬೇಕು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು ಅಂತ ಕೋರ್ಟ್ ಎಲ್ಲೂ ಹೇಳಿಲ್ಲ. ನಿಮಗೆ ಸ್ಟ್ರೋಕ್ ಆಗಿತ್ತಲ್ಲ, ಅದಕ್ಕೆ ನನ್ನದೊಂದು ಸಲಹೆ. ಅದೇ ದಿನ ಡಾಕ್ಟರ್ ಹತ್ತಿರ "ಇವರ ಬುದ್ಧಿ ಸ್ವಾಧೀನದಲ್ಲಿದೆ, ತಿಳಿದು ಬರೆದಿದ್ದಾರೆ" ಅಂತ ಒಂದು ಸರ್ಟಿಫಿಕೇಟ್ ಬರೆಸಿಕೊಳ್ಳಿ. ನಿಯಮದಲ್ಲಿ ಇದು ಕಡ್ಡಾಯವಲ್ಲ. ನಾಳೆ ಯಾರಾದರೂ "ಅಕ್ಕನಿಗೆ ಆಗ ತಲೆ ಸರಿ ಇರಲಿಲ್ಲ" ಅಂದರೆ ಬಾಯಿ ಮುಚ್ಚಿಸಲು ಬೇಕು.

ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು. ನಿಮಗಾದರೆ ಸಾಗರದ ನಗರಸಭೆ, ಹಳ್ಳಿಯವರಿಗಾದರೆ ಗ್ರಾಮ ಪಂಚಾಯಿತಿ. ಅಲ್ಲಿ ಇದನ್ನು ಕಾಯ್ದಿಡುವ ಅಧಿಕಾರಿ ಇರಬೇಕು ಅನ್ನುತ್ತದೆ ನಿಯಮ. ಟೇಬಲ್ ಹಿಂದೆ ಕೂತವರಿಗೆ ವಿಷಯ ಹೊಸದಾಗಿರಬಹುದು. ಜಗಳ ಬೇಡ, ಸುತ್ತೋಲೆಯ ಪ್ರತಿ ತೋರಿಸಿ, ಕೊಟ್ಟಿದ್ದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಇನ್ನುಳಿದ ಪ್ರತಿಗಳು ಹೆಸರಿಸಿದ ಇಬ್ಬರಿಗೆ, ಫ್ಯಾಮಿಲಿ ಡಾಕ್ಟರಿಗೆ. ನಿಮ್ಮ ಪ್ರತಿಯನ್ನು ಮಾತ್ರ ದಯವಿಟ್ಟು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಶುಗರ್ ರಿಪೋರ್ಟ್, ಇಸಿಜಿ ಇಡುವ ಫೈಲಿನಲ್ಲೇ ಮೇಲೆ ಕಾಣುವ ಹಾಗೆ ಇಡಿ. ಆಸ್ಪತ್ರೆಗೆ ಹೊರಟಾಗ ಜನ ಮೊದಲು ಕೈಹಾಕುವುದು ಆ ಫೈಲಿಗೆ.

ಇನ್ನು "ಡಾಕ್ಟರು ಕೈಬಿಡುತ್ತಾರಾ" ಅನ್ನುವ ಭಯ. ಇಲ್ಲ, ಅಷ್ಟು ಸುಲಭವಾಗಿ ಬಿಡಲು ಆಗುವುದೂ ಇಲ್ಲ. ನೀವು ಮಾತಾಡುವ ಸ್ಥಿತಿಯಲ್ಲಿ ಇರುವವರೆಗೆ ನಿಮ್ಮ ಮಾತೇ ನಡೆಯುತ್ತದೆ, ಕಾಗದವಲ್ಲ. ಗುಣವಾಗುವ ಕಾಯಿಲೆಗೆ ಇದು ಅನ್ವಯಿಸುವುದೇ ಇಲ್ಲ. ವಾಸಿಯಾಗುವ ಆಸೆ ಇಲ್ಲದ ಸ್ಥಿತಿ ಬಂದಾಗಲೂ ಒಬ್ಬ ಡಾಕ್ಟರ್ ತೀರ್ಮಾನಿಸುವಂತಿಲ್ಲ. ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಕೂರಬೇಕು: ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿದ ಮೇಲೆ ಎರಡನೆಯ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು, ಮೊದಲ ಮಂಡಳಿಯವರು ಇರಬಾರದು. ಎರಡೂ ಮಂಡಳಿಗಳು ಆದಷ್ಟು 48 ಗಂಟೆಯೊಳಗೆ ಹೇಳಬೇಕು. ನೀವು ಹೆಸರಿಸಿದವರು ಒಪ್ಪಬೇಕು. ಜಾರಿಗೆ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎರಡನೆಯ ಮಂಡಳಿ ಒಪ್ಪದಿದ್ದರೆ ನಿಮ್ಮ ತಂಗಿಯ ಮಗಳು ಹೈಕೋರ್ಟಿಗೆ ಹೋಗಬಹುದು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಯಂತ್ರ ನಿಂತಮೇಲೂ ಚಿಕಿತ್ಸೆ ನಿಲ್ಲುವುದಿಲ್ಲ. ಇದನ್ನು ನನ್ನ ಕೆಲಸದ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಮಾರ್ಫಿನ್ ಮಾತ್ರೆ ಇದೆ, ಬಾಯಿ ಒಣಗದ ಹಾಗೆ ಹತ್ತಿಯಲ್ಲಿ ನೀರು ಒತ್ತುವುದಿದೆ, ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದಿದೆ. ಬೆಂಗಳೂರಿನ ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯದಂಥ ಕಡೆ ಕ್ಯಾನ್ಸರಿನ ಕೊನೆ ಹಂತದವರನ್ನು ದುಡ್ಡಿಲ್ಲದೆ ಹೀಗೆಯೇ ನೋಡಿಕೊಳ್ಳುತ್ತಾರೆ.

ಒಂದು ಮಿತಿಯನ್ನು ಮುಚ್ಚಿಡುವುದಿಲ್ಲ. ಈ ನಿರ್ದೇಶನ ಬಲವಾಗಿ ನಿಲ್ಲುವುದು ಕೊನೆಯ ಹಂತದ ಚಿಕಿತ್ಸೆ ಬೇಡ ಅನ್ನುವುದಕ್ಕೆ. ಸೊಂಟ ಮುರಿದು ಪ್ರಜ್ಞೆ ಇಲ್ಲದೆ ಬಿದ್ದಿದ್ದೀರಿ, ಆಪರೇಶನ್ ಮಾಡಬೇಕಾ ಬೇಡವಾ ಅನ್ನುವಂಥ ನಡುವಿನ ನಿರ್ಧಾರಗಳಿಗೆ ಸ್ಪಷ್ಟ ಕಾನೂನಿಲ್ಲ. ಆದರೂ ಅದೇ ಕಾಗದದಲ್ಲಿ "ಇತರ ಚಿಕಿತ್ಸೆಗೂ ಇವರನ್ನೇ ಕೇಳಿ" ಅಂತ ಬರೆಯಿರಿ. ನಿಮ್ಮದೇ ಸಹಿಯ ಮಾತು ಕಣ್ಣೆದುರು ಇದ್ದಾಗ ಅದನ್ನು ಬದಿಗಿಟ್ಟು ಬೇರೆಯವರನ್ನು ಹುಡುಕುವ ವೈದ್ಯರನ್ನು ನಾನು ನೋಡಿಲ್ಲ.

ಮಾನಸಿಕ ಕಾಯಿಲೆಗೆ ಮಾತ್ರ ಬೇರೆ ಕಾನೂನು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಈ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಮುಂದಿದೆ. ಅದರ 14ನೇ ಕಲಂ ಪ್ರಕಾರ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ನಿಮ್ಮ ಪ್ರತಿನಿಧಿಯನ್ನು ನೇಮಿಸಬಹುದು. ಅವರು ಸಂಬಂಧಿಯೇ ಆಗಬೇಕಿಲ್ಲ, ವಯಸ್ಕರಾಗಿದ್ದು ಒಪ್ಪಬೇಕು ಅಷ್ಟೇ. ನೆನಪು, ದಿಕ್ಕು, ಗುರುತು ತೀವ್ರವಾಗಿ ಕೆಡುವ ಕಾಯಿಲೆಗಳೂ ಆ ಕಾಯ್ದೆಯ ವ್ಯಾಖ್ಯಾನದಲ್ಲಿವೆ. ಸ್ಟ್ರೋಕ್ ನಂತರ ಮರೆವು ಬರುವುದುಂಟು. ಹಾಗಾಗಿ ನೀವು ಈ ಹಾಳೆಯನ್ನೂ ಬರೆದು, ತಂಗಿಯ ಮಗಳ ಒಪ್ಪಿಗೆ ಸಹಿ ಹಾಕಿಸಿ ಅದೇ ಫೈಲಿನಲ್ಲಿ ಇಡಿ. ದೇಹದಾನ, ಅಂಗದಾನದ ಫಾರ್ಮ್ ಬೇರೆ. ಅಂಗದಾನಕ್ಕೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಇದೆ.

ದುಡ್ಡಿನ ವಿಷಯವನ್ನು ಮರೆಯಬೇಡಿ. ನಿರ್ದೇಶನದಲ್ಲಿ ಹೆಸರಿದ್ದ ಮಾತ್ರಕ್ಕೆ ಆಸ್ಪತ್ರೆ ಬಿಲ್ ಅವಳ ತಲೆಗೆ ಬರುವುದಿಲ್ಲ. ಅಡ್ಮಿಶನ್ ಫಾರ್ಮಿನಲ್ಲಿ ಬಿಲ್ ಕಟ್ಟುತ್ತೇನೆ ಅಂತ ಸಹಿ ಹಾಕಿದರೆ ಬರಬಹುದು. ಜೊತೆಗೆ ನಿಮ್ಮ ಖಾತೆಯಿಂದ ದುಡ್ಡು ತೆಗೆಯುವ ಅಧಿಕಾರ ಈ ಕಾಗದದಿಂದ ಅವಳಿಗೆ ಸಿಗುವುದಿಲ್ಲ. ಆಸ್ಪತ್ರೆ ಖರ್ಚಿಗಾಗುವಷ್ಟನ್ನು ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿ ಇಡಿ. ಕೋಮಾದಲ್ಲಿರುವವರ ಖಾತೆ, ಆಸ್ತಿ ನೋಡಿಕೊಳ್ಳಲು ಹೈಕೋರ್ಟಿನಿಂದ ಗಾರ್ಡಿಯನ್ ಆಗಿ ನೇಮಕ ಪಡೆಯುವ ದಾರಿ ಇದೆ. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ನಿಯಮಗಳನ್ನೂ ಹಾಕಿಕೊಟ್ಟಿದೆ. ಆದರೆ ಮೈಸೂರು, ಶಿವಮೊಗ್ಗ, ಬೆಂಗಳೂರು ಅಂತ ಅವಳು ಓಡಾಡುವ ಸ್ಥಿತಿ ತರಬೇಡಿ.

ಮಕ್ಕಳು ಹೊರದೇಶದಲ್ಲಿರುವ ಓದುಗರಿಗೂ ಒಂದು ಮಾತು. ಮಗನನ್ನೋ ಮಗಳನ್ನೋ ಹೆಸರಿಸಿ, ತಪ್ಪಿಲ್ಲ. ಆದರೆ ಎರಡನೆಯ ಹೆಸರು ನಿಮ್ಮ ಬೀದಿಯವರದ್ದಿರಲಿ. ನೀವೇ ಆರು ತಿಂಗಳು ಮಕ್ಕಳ ಮನೆಗೆ ಹೋಗುವವರಾದರೆ ಇಲ್ಲಿನ ಕಾಗದವನ್ನೇ ನಂಬಬೇಡಿ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಫಾರ್ಮ್ ಇದೆ. ಇಂಗ್ಲೆಂಡಿನಲ್ಲಿ ಆ ಅಧಿಕಾರ ಪತ್ರ ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾದ ಮೇಲೆಯೇ ನಡೆಯುತ್ತದೆ.

ಕೊನೆಗೆ ನಿಮ್ಮ ತಮ್ಮ. ನೀವು ಕೇಳದೇ ಇದ್ದರೂ ಹೇಳುತ್ತೇನೆ, ಬೇಜಾರಾಗಬೇಡಿ. ಐಸಿಯು ಬಾಗಿಲಲ್ಲಿ ಅತಿ ಜೋರಾಗಿ "ಎಲ್ಲಾ ಮಾಡಿ" ಅನ್ನುವವರು ಎಷ್ಟೋ ಸಲ ಹೀಗೆ ಮಾತು ಬಿಟ್ಟು ದೂರವಾದವರೇ. ಆ ಕೂಗಿನಲ್ಲಿ ಜಗಳಕ್ಕಿಂತ ಜಾಸ್ತಿ ಪಶ್ಚಾತ್ತಾಪ ಇರುತ್ತದೆ. ಅವರಿಗೆ ವಿಷಯ ಮೊದಲ ಸಲ ಗೊತ್ತಾಗುವುದು ಆಸ್ಪತ್ರೆಯಲ್ಲಿ, ಅದೂ ತಂಗಿಯ ಮಗಳ ಬಾಯಿಂದ ಆದರೆ, ಆ ಹುಡುಗಿಯ ಗತಿ ಏನು? ಮಾತಾಡುವುದು ಬೇಡವಾದರೆ ಒಂದು ಇನ್‌ಲ್ಯಾಂಡ್ ಲೆಟರ್ ಸಾಕು. "ನನ್ನ ಆರೋಗ್ಯದ ನಿರ್ಧಾರವನ್ನು ಅವಳಿಗೆ ಒಪ್ಪಿಸಿದ್ದೇನೆ. ಇದು ಜಮೀನಿನ ಸಿಟ್ಟಿಗೆ ಮಾಡಿದ್ದಲ್ಲ. ಅವಳಿಗೆ ನನ್ನ ದಿನಚರಿ ಗೊತ್ತು. ನೀನು ಅವಳ ಪಕ್ಕ ನಿಂತುಕೋ" ಅಂತ ನಾಲ್ಕು ಸಾಲು, ನಿಮ್ಮ ಕೈಬರಹದಲ್ಲಿ. ಟೀಚರ್ ಕೈಬರಹ ತಮ್ಮನಿಗೆ ಗುರುತು ಸಿಗದೇ ಇರುತ್ತದಾ? ಆ ಪತ್ರದ ಒಂದು ಫೋಟೋ ತೆಗೆದು ತಂಗಿಯ ಮಗಳ ಮೊಬೈಲಿಗೆ ಕಳಿಸಿ. ಅವಳು ಮುಂದಿನ ಸಲ ರಜೆಗೆ ಸಾಗರಕ್ಕೆ ಬಂದಾಗ, ಬಂದ ಮೊದಲ ದಿನವೇ ನೋಟರಿ ಕೆಲಸ ಮುಗಿಸಿಕೊಳ್ಳಿ. ಉಳಿದ ದಿನ ನಿಮಗಿಬ್ಬರಿಗೆ ಮಾತಾಡಲು ಸಿಗುತ್ತದೆ.